ಬೀಗ ಹಾಕಿದ ಕೋಣೆ, ಹೊರಗೆ ಕಳಿಸಿದ ದಾದಿ



ವೃದ್ಧಾಪ್ಯವನ್ನು ಕುರಿತ ಚಲನಚಿತ್ರಗಳ ಮಾತು ಬಂದಾಗಲೆಲ್ಲ ಬಲ್ಲವರು ಮೊದಲು ಹೆಸರಿಸುವುದು 'ಅಮೂರ್' ಎಂಬ ಫ್ರೆಂಚ್ ಚಿತ್ರವನ್ನು. ಆ ಪದಕ್ಕೆ ಪ್ರೀತಿ ಎಂದರ್ಥ. ಆಸ್ಟ್ರಿಯಾದ ಮೈಕೇಲ್ ಹನೆಕೆ ನಿರ್ದೇಶಿಸಿದ ಈ ಚಿತ್ರ 2012ರ ಕಾನ್ ಚಿತ್ರೋತ್ಸವದಲ್ಲಿ ಅತ್ಯುನ್ನತ ಪ್ರಶಸ್ತಿಯನ್ನೂ, 2013ರಲ್ಲಿ ಪರಭಾಷಾ ಚಿತ್ರಕ್ಕೆ ಮೀಸಲಾದ ಆಸ್ಕರ್ ಪ್ರಶಸ್ತಿಯನ್ನೂ ಪಡೆಯಿತು. ವೃದ್ಧ ದಂಪತಿಯ ಪಾತ್ರಗಳಲ್ಲಿ ನಟಿಸಿದ ಎಮಾನುಯೆಲ್ ರಿವಾ 2017ರಲ್ಲಿಯೂ ಝಾನ್-ಲೂಯಿ ತ್ರಿಂತಿನ್ಯಾನ್ 2022ರಲ್ಲಿಯೂ ತೀರಿಕೊಂಡರು. ಅವರ ಅಭಿನಯದ ಬಗೆಗಾಗಲಿ ನಿರ್ದೇಶಕನ ಸಂಯಮದ ಬಗೆಗಾಗಲಿ ನನ್ನ ತಕರಾರಿಲ್ಲ. ನನ್ನ ತಕರಾರು ಬೇರೆ. ಶುಶ್ರೂಷಾ ವಿದ್ಯಾರ್ಥಿನಿಯರಿಗೆ ಹಲವು ವರ್ಷ ಪಾಠ ಹೇಳಿದವಳಾದ್ದರಿಂದ, ಎಲ್ಲರೂ ಗಂಡ ಹೆಂಡಿರನ್ನು ನೋಡುತ್ತಿದ್ದಾಗ ನಾನು ಬಾಗಿಲ ಬಳಿ ನಿಂತಿದ್ದ ದಾದಿಯನ್ನು ನೋಡುತ್ತಿದ್ದೆ.

ಕಥೆ ಸರಳವಾದದ್ದು. ಝಾರ್ಜ್ ಮತ್ತು ಆನ್ ಪ್ಯಾರಿಸ್ಸಿನ ಹಳೆಯ ಮನೆಯೊಂದರಲ್ಲಿ ವಾಸಿಸುವ ನಿವೃತ್ತ ಸಂಗೀತ ಶಿಕ್ಷಕರು. ಒಂದು ಮುಂಜಾನೆ ಉಪಾಹಾರದ ಮೇಜಿನಲ್ಲಿ ಆನ್ ಇದ್ದಕ್ಕಿದ್ದಂತೆ ಕಲ್ಲಾಗಿ ಕುಳಿತುಬಿಡುತ್ತಾಳೆ. ಕತ್ತಿನ ರಕ್ತನಾಳಕ್ಕೆ ಮಾಡಿದ ಶಸ್ತ್ರಚಿಕಿತ್ಸೆ ಕೈಗೂಡದೆ ಬಲಭಾಗ ಸ್ವಾಧೀನ ತಪ್ಪುತ್ತದೆ. ಮನೆಗೆ ಬಂದವಳು ಗಂಡನಿಂದ ಮಾತು ತೆಗೆದುಕೊಳ್ಳುತ್ತಾಳೆ: ತನ್ನನ್ನು ಇನ್ನೆಂದಿಗೂ ಆಸ್ಪತ್ರೆಗೆ ಕಳಿಸಕೂಡದು. ಝಾರ್ಜ್ ಕೊಟ್ಟ ಮಾತನ್ನು ಉಳಿಸಿಕೊಳ್ಳುತ್ತಾನೆ. ಆಕೆಯ ಸ್ಥಿತಿ ಮತ್ತೂ ಕೆಡುತ್ತದೆ, ಮಾತು ತೊದಲುತ್ತದೆ, ಹಾಸಿಗೆ ಹಿಡಿಯುತ್ತಾಳೆ. ಕೊನೆಗೊಂದು ದಿನ ಝಾರ್ಜ್ ದಿಂಬನ್ನು ಹೆಂಡತಿಯ ಮುಖದ ಮೇಲೆ ಒತ್ತಿ ಹಿಡಿಯುತ್ತಾನೆ.

ವಿಮರ್ಶಕರಲ್ಲಿ ಹೆಚ್ಚಿನವರು ಇದನ್ನು ಪ್ರೀತಿಯ ಪರಾಕಾಷ್ಠೆಯೆಂದು ಬರೆದರು. ಕೆಲವರು ಕೊಲೆಯೆಂದರು. ಎರಡು ಪಕ್ಷದವರೂ ಕೊನೆಯ ಹತ್ತು ನಿಮಿಷಗಳನ್ನು ಹಿಡಿದುಕೊಂಡೇ ವಾದಿಸಿದರು. ನಾನು ತಮ್ಮನ್ನು ಅದಕ್ಕಿಂತ ಹಿಂದಿನ, ಯಾರೂ ಹೆಚ್ಚು ಚರ್ಚಿಸದ ಕೆಲವು ದೃಶ್ಯಗಳತ್ತ ಕರೆದೊಯ್ಯಬಯಸುತ್ತೇನೆ.

ಮೊದಲನೆಯದು ತಲೆ ಬಾಚುವ ದೃಶ್ಯ. ಆನ್‌ಳ ಆರೈಕೆಗೆ ಒಬ್ಬ ದಾದಿ ಸಾಲದೆ ಎರಡನೆಯವಳು ಬಂದಿದ್ದಾಳೆ. ವಯಸ್ಸಿನಲ್ಲಿ ಚಿಕ್ಕವಳು, ಕೈ ಬಿರುಸು. ರೋಗಿ ನರಳಿದರೂ ಕೂದಲನ್ನು ಜಗ್ಗಿ ಬಾಚುತ್ತಾಳೆ. ಬಾಚಿದ ಮೇಲೆ ಕನ್ನಡಿಯನ್ನು ಮುಖದ ಮುಂದೆ ಹಿಡಿದು, ಎಷ್ಟು ಚೆಂದ ಕಾಣುತ್ತೀರಿ ನೋಡಿ ಎಂಬ ಧಾಟಿಯಲ್ಲಿ ಎಳೆಯ ಮಗುವಿನೊಡನೆ ಆಡುವಂತೆ ಮಾತಾಡುತ್ತಾಳೆ. ಆನ್ ತನ್ನ ಮುಖವನ್ನು ನೋಡಲೊಲ್ಲದೆ ಆಚೆ ತಿರುಗುತ್ತಾಳೆ. ಹೊಡೆತವಿಲ್ಲ, ಬೈಗುಳವಿಲ್ಲ, ಕಾನೂನಿನ ಯಾವ ಕಲಮಿಗೂ ಸಿಕ್ಕುವ ಅಪರಾಧವಿಲ್ಲ. ಆದರೂ ಇದು ದೌರ್ಜನ್ಯವೇ ಎಂಬುದನ್ನು ಹನೆಕೆ ಒಂದು ಮಾತೂ ವಿವರಿಸದೆ ಕಾಣಿಸುತ್ತಾನೆ. ಈ ಮಟ್ಟಿಗೆ ಆತನ ಕಣ್ಣು ಅಪೂರ್ವವಾದದ್ದು. ನಮ್ಮ ಆಸ್ಪತ್ರೆಗಳ ವಾರ್ಡುಗಳಲ್ಲಿ ಎಂಬತ್ತು ದಾಟಿದ ನಿವೃತ್ತ ಅಧ್ಯಾಪಕಿಯೊಬ್ಬರನ್ನು ಇಪ್ಪತ್ತರ ಹುಡುಗಿ "ಅಜ್ಜೀ, ಬಾಯಿ ತೆಗಿ" ಎನ್ನುವಾಗ ಆ ಹುಡುಗಿಗೆ ತಾನು ವಾತ್ಸಲ್ಯ ತೋರಿಸುತ್ತಿದ್ದೇನೆಂಬ ನಂಬಿಕೆಯೇ ಇರುತ್ತದೆ. ಕೆಲವೊಮ್ಮೆ ಅದು ನಿಜವೂ ಹೌದು. ಆದರೆ ಹಾಸಿಗೆಯಲ್ಲಿರುವವರು ಏನನ್ನು ಕೇಳಿಸಿಕೊಳ್ಳುತ್ತಾರೆಂಬುದು ಬೇರೆಯೇ ಪ್ರಶ್ನೆ.

ಝಾರ್ಜ್ ಆ ದಾದಿಯ ಲೆಕ್ಕ ಚುಕ್ತಾ ಮಾಡಿ ಹೊರಗೆ ಕಳಿಸುತ್ತಾನೆ. ನೀನೂ ಮುಂದೊಂದು ದಿನ ಅಸಹಾಯಕಳಾಗಿ ಇಂಥದೇ ಕೈಗೆ ಸಿಕ್ಕು ಎಂಬರ್ಥದ ಶಾಪವನ್ನೂ ಹಾಕುತ್ತಾನೆ. ಆಕೆಯೂ ಬೈದು ಹೋಗುತ್ತಾಳೆ. ಪ್ರೇಕ್ಷಕರಿಗೆ ಸಮಾಧಾನವಾಗುತ್ತದೆ: ಕೆಟ್ಟವಳು ಹೋದಳು, ಪ್ರೀತಿಸುವವನು ಉಳಿದ. ನನ್ನ ತಕರಾರು ಹುಟ್ಟುವುದು ಇಲ್ಲಿ.

ಏಕೆಂದರೆ ಇದೇ ಚಿತ್ರದಲ್ಲಿ ಇನ್ನೊಂದು ದೃಶ್ಯವಿದೆ. ಝಾರ್ಜ್ ಹೆಂಡತಿಗೆ ನೀರು ಕುಡಿಸುತ್ತಿದ್ದಾನೆ. ಆಕೆ ಒಲ್ಲೆನೆನ್ನುತ್ತಾಳೆ. ಕುಡಿಯದಿದ್ದರೆ ಸಾಯುತ್ತೀಯೆಂದು ಹೇಳಿ ಮತ್ತೆ ಕುಡಿಸುತ್ತಾನೆ. ಬಾಯಿಗೆ ಹೋದ ನೀರನ್ನು ಆಕೆ ಉಗುಳುತ್ತಾಳೆ. ಆತ ಕೆನ್ನೆಗೆ ಹೊಡೆಯುತ್ತಾನೆ. ಮರುಕ್ಷಣವೇ ಕ್ಷಮೆ ಕೇಳುತ್ತಾನೆ. ಬಿರುಸಾಗಿ ತಲೆ ಬಾಚಿದವಳು ಕೆಲಸ ಕಳೆದುಕೊಂಡಳು, ಕೆನ್ನೆಗೆ ಹೊಡೆದವನಿಗೆ ಪ್ರೇಕ್ಷಕರ ಕಣ್ಣೀರು ಸಂದಿತು. ಆತನ ದಣಿವು ನಮಗೆ ಗೊತ್ತು, ಏಕೆಂದರೆ ನಿರ್ದೇಶಕ ನಮ್ಮನ್ನು ಎರಡು ಗಂಟೆ ಕಾಲ ಆತನೊಡನೆ ಕೂರಿಸಿದ್ದಾನೆ. ದಾದಿಯ ದಣಿವು ಗೊತ್ತಿಲ್ಲ. ಆ ಮುಂಜಾನೆ ಆಕೆ ಎಷ್ಟು ಮನೆಗಳಿಗೆ ಹೋಗಿ ಬಂದಿದ್ದಳು, ಆಕೆಗೆ ಈ ಕೆಲಸ ಕಲಿಸಿದವರು ಯಾರು, ಕಲಿಸಿದರೇ ಇಲ್ಲವೇ ಎಂಬುದು ಚಿತ್ರಕ್ಕೆ ಬೇಕಿಲ್ಲ. ಆಕೆಗೆ ಹೆಸರೂ ಇಲ್ಲ. ಆ ಪಾತ್ರವನ್ನು ಮಾಡಿದ ದಿನಾರಾ ದ್ರುಕಾರೊವಾ ರಷ್ಯಾದಲ್ಲಿ ಹುಟ್ಟಿದ ನಟಿಯೆಂಬುದು ಬಹುಶಃ ಕೇವಲ ಆಕಸ್ಮಿಕ. ಆದರೂ ಐರೋಪ್ಯ ದೇಶಗಳಲ್ಲಿ ವೃದ್ಧರ ಮೈ ತೊಳೆಯುವ ಕೈಗಳಲ್ಲಿ ಬಹಳಷ್ಟು ಪರದೇಶದವು, ಅವುಗಳಲ್ಲಿ ಕೆಲವು ಕೇರಳದಿಂದಲೂ ನಮ್ಮ ಕರಾವಳಿಯಿಂದಲೂ ಹೋದವು ಎಂಬುದನ್ನು ನೆನೆದಾಗ ಆ ನಿರಾಕರಣೆ ನನ್ನನ್ನು ಚುಚ್ಚಿತು.

ವಿಶ್ವ ಆರೋಗ್ಯ ಸಂಸ್ಥೆಯ ವ್ಯಾಖ್ಯೆಯಲ್ಲಿ ಹಿರಿಯರ ಮೇಲಿನ ದೌರ್ಜನ್ಯವೆಂದರೆ ಹೊಡೆತ ಬಡಿತಗಳಷ್ಟೇ ಅಲ್ಲ. ನಂಬಿಕೆಯ ನಿರೀಕ್ಷೆಯಿರುವ ಯಾವುದೇ ಸಂಬಂಧದೊಳಗೆ ಹಿರಿಯರಿಗೆ ಹಾನಿಯನ್ನೋ ಸಂಕಟವನ್ನೋ ತರುವ ಕೃತ್ಯ, ಅಥವಾ ಮಾಡಬೇಕಾದುದನ್ನು ಮಾಡದಿರುವುದು, ಒಮ್ಮೆಯಾದರೂ ಸರಿ, ಮತ್ತೆ ಮತ್ತೆ ನಡೆದರೂ ಸರಿ. ಈ ವ್ಯಾಖ್ಯೆಯಲ್ಲಿ ಮನಸ್ಸಿನ ಉದ್ದೇಶದ ಮಾತೇ ಇಲ್ಲವೆಂಬುದನ್ನು ಗಮನಿಸಿ. ಪ್ರೀತಿಯಿದ್ದರೆ ದೌರ್ಜನ್ಯವಿರಲಾರದೆಂಬ ಭಾವನೆಗೆ ಇಲ್ಲಿ ಎಡೆಯಿಲ್ಲ. ಅದೇ ಸಂಸ್ಥೆ ಹೇಳುವಂತೆ ಅರುವತ್ತು ದಾಟಿದವರಲ್ಲಿ ಸುಮಾರು 6ರಲ್ಲಿ ಒಬ್ಬರು ಒಂದು ವರ್ಷದ ಅವಧಿಯಲ್ಲಿ ಯಾವುದಾದರೊಂದು ಬಗೆಯ ದೌರ್ಜನ್ಯಕ್ಕೆ ಒಳಗಾಗುತ್ತಾರೆ. ನಮ್ಮ ವೃತ್ತಿಯವರು ತಲೆ ತಗ್ಗಿಸಬೇಕಾದ ಇನ್ನೊಂದು ಲೆಕ್ಕವೂ ಇದೆ: ವೃದ್ಧರನ್ನು ನೋಡಿಕೊಳ್ಳುವ ಸಂಸ್ಥೆಗಳ ಸಿಬ್ಬಂದಿಯಲ್ಲಿ 3ರಲ್ಲಿ ಇಬ್ಬರು, ಹಿಂದಿನ ಒಂದು ವರ್ಷದಲ್ಲಿ ತಾವೇ ಇಂಥದನ್ನು ಮಾಡಿದ್ದೇವೆಂದು ಒಪ್ಪಿಕೊಂಡಿದ್ದಾರೆ. ಹೀಗಾಗಿ ಹನೆಕೆಯ ಎರಡನೆಯ ದಾದಿ ಕಟ್ಟುಕಥೆಯೆಂದು ನಾನು ವಾದಿಸಲಾರೆ.

ನನ್ನ ವಾದವಿಷ್ಟೇ. ಆಕೆಯನ್ನು ಕಳಿಸಿದ ಮೇಲೆ ಆ ಮನೆಯೊಳಗಿನ ಕಣ್ಣುಗಳು ಕಡಿಮೆಯಾಗುತ್ತ ಹೋದವು. ಮಗಳು ಇವಾಳ ದೂರವಾಣಿ ಕರೆಗಳಿಗೆ ಝಾರ್ಜ್ ಉತ್ತರಿಸುವುದಿಲ್ಲ. ಆಕೆ ಖುದ್ದಾಗಿ ಬಂದಾಗ ತಾಯಿಯ ಕೋಣೆಗೆ ಬೀಗ ಬಿದ್ದಿರುತ್ತದೆ, ಹಟ ಹಿಡಿದ ಮೇಲಷ್ಟೇ ತೆರೆಯುತ್ತದೆ. ಸಾಮಾನು ತಂದುಕೊಡುವ ಕಟ್ಟಡದ ಮೇಲ್ವಿಚಾರಕನಂತೂ, ನೀವು ಹೆಂಡತಿಯನ್ನು ನೋಡಿಕೊಳ್ಳುವ ರೀತಿಗೆ ನಾವು ತಲೆಬಾಗುತ್ತೇವೆ ಎಂದು ಮೆಚ್ಚಿ ಹೋಗುತ್ತಾನೆ. ಹೊರಗಿನ ಸಂಪರ್ಕ ಕಡಿತ, ಬೀಗ ಹಾಕಿದ ಬಾಗಿಲು, ಬಲವಂತದ ಉಣಿಸು, ಒಬ್ಬನೇ ಹೊತ್ತ ಆರೈಕೆಯ ಹೊರೆ, ಅದರಿಂದ ಹುಟ್ಟಿದ ಕೋಪ. ಸಮುದಾಯ ಶುಶ್ರೂಷೆಯ ಯಾವ ಪಠ್ಯದಲ್ಲಾದರೂ ಅಪಾಯದ ಚಿಹ್ನೆಗಳೆಂದು ಕಲಿಸುವುದು ಇವುಗಳನ್ನೇ. ಚಲನಚಿತ್ರ ವಿಮರ್ಶಕರು ಇವನ್ನೇ ಏಕಾಂತವೆಂದೂ ಘನತೆಯೆಂದೂ ಕರೆದರು. ಒಂದೇ ಬಾಗಿಲನ್ನು ಇಬ್ಬರು ಇಷ್ಟು ಭಿನ್ನವಾಗಿ ಓದಬಹುದೇ ಎಂದು ನನಗೆ ಆಶ್ಚರ್ಯವಾಯಿತು.

ದಾದಿ ಆ ಬಾಗಿಲನ್ನು ಹೇಗೆ ಓದುತ್ತಾಳೆ? ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ವೈದ್ಯರಿಗಾಗಲಿ ಪೊಲೀಸರಿಗಾಗಲಿ ಸಿಗದ ಒಂದು ಅವಕಾಶ ಆಕೆಗಿದೆ: ಆಕೆ ಮೈ ತೊಳೆಯುತ್ತಾಳೆ. ಬಟ್ಟೆ ಕಳಚಿದ ಮೈ ಸುಳ್ಳು ಹೇಳುವುದು ಕಡಿಮೆ. ತೋಳಿನ ಒಳಮೈಯಲ್ಲಿ ಸಾಲಾಗಿ ಬೆರಳಿನ ಗಾತ್ರದ ನೀಲಿ ಗುರುತುಗಳಿದ್ದರೆ ಯಾರೋ ಬಲವಾಗಿ ಹಿಡಿದಿರಬೇಕು. ಮಣಿಕಟ್ಟಿನ ಸುತ್ತ ಬಳೆಯಂಥ ಗೀರು ಇದ್ದರೆ ಕಟ್ಟಿರಬೇಕು. ಬೆನ್ನ ಬುಡದಲ್ಲಿ, ಹಿಮ್ಮಡಿಯಲ್ಲಿ ಹಾಸಿಗೆ ಹುಣ್ಣು ಆಳವಾಗಿದ್ದರೆ ಬಹಳ ಹೊತ್ತು ಯಾರೂ ಮಗ್ಗುಲು ಬದಲಿಸಿಲ್ಲ. ಒಣಗಿದ ನಾಲಿಗೆ, ಬೆಳೆದ ಉಗುರು, ತಿಂಗಳಿಂದ ಒಂದೇ ಲೆಕ್ಕದಲ್ಲಿ ಉಳಿದ ಮಾತ್ರೆ ಪಟ್ಟಿ, ಇವೂ ಮಾತಾಡುತ್ತವೆ. ಆದಾಗ್ಯೂ ಎಚ್ಚರ ಬೇಕು. ಮುಪ್ಪಿನ ಚರ್ಮ ತೆಳುವಾದದ್ದು, ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುವವರಿಗೆ ಮಂಚದ ಅಂಚು ತಾಗಿದರೂ ಕೈಯಗಲ ಕಪ್ಪಾಗುತ್ತದೆ. ಕಂಡದ್ದನ್ನೆಲ್ಲ ಹೊಡೆತವೆಂದು ಬಗೆದು ಸೊಸೆಯ ಮೇಲೆ ಹರಿಹಾಯ್ದ ದಾದಿಯರನ್ನೂ ನಾನು ಕಂಡಿದ್ದೇನೆ. ಆದಕಾರಣವೇ ನಾವು ಕಲಿಸುವುದು ಹೀಗೆ: ಗುರುತು ಎಲ್ಲಿದೆ, ಎಷ್ಟು ಅಗಲ, ಯಾವ ಬಣ್ಣ ಎಂಬುದನ್ನು ಬರೆ. ರೋಗಿ ಆಡಿದ ಮಾತನ್ನು ಆಡಿದಂತೆಯೇ ಬರೆ. ನಿನ್ನ ಅನುಮಾನವನ್ನು ತೀರ್ಪಾಗಿ ಬರೆಯಬೇಡ. ದಿನಾಂಕ, ವೇಳೆ, ಸಹಿ ಹಾಕು, ಮೇಲಿನವರಿಗೆ ತಿಳಿಸು.

ಕೇಳುವುದಕ್ಕೂ ಒಂದು ಜಾಣ್ಮೆ ಬೇಕು. ಮುದುಕಿಯನ್ನು ಏನು ಕೇಳಿದರೂ ಪಕ್ಕದಲ್ಲಿ ನಿಂತ ಮಗನೇ ಉತ್ತರಿಸುತ್ತಿದ್ದ ಸಂದರ್ಭವೊಂದರಲ್ಲಿ, ನನ್ನೊಡನಿದ್ದ ಹಿರಿಯ ದಾದಿಯೊಬ್ಬರು ಚೀಟಿ ಬರೆದು ಆತನನ್ನು ಔಷಧಿ ಅಂಗಡಿಗೆ ಕಳಿಸಿದರು. ಸಾಲು ಉದ್ದವಿತ್ತು, ಅದು ಅವರಿಗೆ ಗೊತ್ತಿತ್ತು. ಬಳಿಕ ಮಂಚದ ಬಳಿ ಕುಳಿತು ತಲೆಗೆ ಎಣ್ಣೆ ಹಚ್ಚುತ್ತ, "ಮನೆಯಲ್ಲಿ ನಿಮಗೆ ಯಾರ ಹೆದರಿಕೆಯಾದರೂ ಇದೆಯೇ?" ಎಂದು ಕೇಳಿದರು. ಉತ್ತರ ಬರಲು ಬಹಳ ಹೊತ್ತಾಯಿತು. ಬಂದದ್ದೂ ನಾವೆಣಿಸಿದಂತಿರಲಿಲ್ಲ. ಮಗ ಹೊಡೆಯುತ್ತಿರಲಿಲ್ಲ. ಕುಡಿದು ಬರುವ ಮೊಮ್ಮಗನಿಗೆ ಹೆದರಿ, ಆತ ಬರುವ ಹೊತ್ತಿಗೆ ಆಕೆಯನ್ನು ಕೋಣೆಯೊಳಗಿಟ್ಟು ಹೊರಗಿನಿಂದ ಚಿಲಕ ಹಾಕುತ್ತಿದ್ದ. ರಾತ್ರಿ ಶೌಚಕ್ಕೆ ಹೋಗಲಾಗದೆ ಆಕೆ ಸಂಜೆಯಿಂದ ನೀರು ಕುಡಿಯುವುದನ್ನೇ ಬಿಟ್ಟಿದ್ದಳು. ಆಸ್ಪತ್ರೆಗೆ ಬಂದದ್ದು ನಿರ್ಜಲೀಕರಣವೆಂಬ ರೋಗನಿರ್ಣಯದೊಂದಿಗೆ. ಮುಂದೆ ಏನು ಮಾಡಬೇಕೆಂಬುದು ಸುಲಭದ ಪ್ರಶ್ನೆಯಾಗಿರಲಿಲ್ಲ, ಏಕೆಂದರೆ ಆಕೆ ಕೈ ಹಿಡಿದು, ಯಾರಿಗೂ ಹೇಳಬೇಡಿರೆಂದು ಬೇಡಿಕೊಂಡಳು. ಬುದ್ಧಿ ಸ್ವಾಧೀನದಲ್ಲಿರುವ ಹಿರಿಯರನ್ನು ಅವರ ಇಚ್ಛೆಗೆ ವಿರುದ್ಧವಾಗಿ ರಕ್ಷಿಸಹೊರಡುವುದೂ ಒಂದು ಬಗೆಯ ಬಲಾತ್ಕಾರವೇ. ಕೊನೆಗೆ ಆಕೆಯ ಒಪ್ಪಿಗೆ ಪಡೆದೇ ಮಗನೊಡನೆ ಮಾತಾಡಲಾಯಿತು.

'ಅಮೂರ್' ಚಿತ್ರದ ಮೊದಲ ದಾದಿಯಲ್ಲಿ ಈ ಕುಶಲತೆಯ ಒಂದು ಅಂಶ ಇದೆಯೆಂಬುದನ್ನು ಒಪ್ಪಬೇಕು. ಹಾಸಿಗೆಯಲ್ಲಿದ್ದವರನ್ನು ಮಗ್ಗುಲಿಗೆ ಹೊರಳಿಸಿ ಒಳವಸ್ತ್ರವನ್ನು ಹೇಗೆ ಬದಲಿಸಬೇಕೆಂದು ಆಕೆ ಝಾರ್ಜ್‌ನಿಗೆ ತೋರಿಸಿಕೊಡುತ್ತಾಳೆ. ಮನೆಯವರಿಗೆ ಕೆಲಸ ಕಲಿಸುವುದೇ ದೌರ್ಜನ್ಯವನ್ನು ತಡೆಯುವ ಮೊದಲ ಮದ್ದು, ಏಕೆಂದರೆ ಎತ್ತಲು ಬಾರದವನ ಕೈಯಲ್ಲಿಯೇ ಮೈ ಕಂದುವುದು. ಆದರೆ ಚಿತ್ರದ ಅತ್ಯಂತ ಭೀಕರವಾದ ಮಾತನ್ನು ಆಡಿಸಿರುವುದೂ ದಾದಿಯ ಬಾಯಲ್ಲಿಯೇ, ಅದೂ ಒಳ್ಳೆಯ ಉದ್ದೇಶದಿಂದ. ಆನ್ ದಿನವಿಡೀ "ನೋವು, ನೋವು" ಎಂಬ ಒಂದೇ ಪದವನ್ನು ಕೂಗತೊಡಗಿದ್ದಾಳೆ. ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಇಂಥವರು ಏನನ್ನಾದರೂ ಕೂಗುತ್ತಿರುತ್ತಾರೆ, ಅದು ಯಾಂತ್ರಿಕವಾದದ್ದು ಎಂದು ದಾದಿ ಝಾರ್ಜ್‌ನನ್ನು ಸಂತೈಸುತ್ತಾಳೆ. ಅಲ್ಲಿಗೆ ಆ ವಿಷಯ ಮುಗಿಯುತ್ತದೆ.

ಮುಗಿಯಬಾರದಿತ್ತು. ಮಾತು ಕಳೆದುಕೊಂಡವರ ನೋವನ್ನು ಅಳೆಯುವ ವಿಧಾನಗಳು ಆ ಹೊತ್ತಿಗಾಗಲೇ ಬಳಕೆಯಲ್ಲಿದ್ದವು. ಮರೆವಿನ ರೋಗ ಮುಂದುವರಿದವರಿಗಾಗಿ 2003ರಲ್ಲಿ ಪ್ರಕಟವಾದ ಪೇನ್ಯಾಡ್ ಎಂಬ ಅಳತೆಪಟ್ಟಿ ಐದು ಸಂಗತಿಗಳನ್ನು ಗಮನಿಸುತ್ತದೆ: ಉಸಿರಾಟ, ನರಳಿಕೆ, ಮುಖಭಾವ, ಮೈಯ ಬಿಗಿತ, ಸಂತೈಸಿದರೆ ಶಾಂತವಾಗುತ್ತಾರೆಯೇ ಎಂಬುದು. ಪ್ರತಿಯೊಂದಕ್ಕೂ ಸೊನ್ನೆಯಿಂದ ಎರಡರವರೆಗೆ ಅಂಕ, ಒಟ್ಟು ಹತ್ತು. ಐದು ನಿಮಿಷದ ಕೆಲಸ. ಪಾರ್ಶ್ವವಾಯು ಬಡಿದ ಭುಜದ ನೋವು, ಹಾಸಿಗೆ ಹುಣ್ಣು, ಕಟ್ಟಿದ ಮೂತ್ರ, ಮಲಬದ್ಧತೆ, ಹೀಗೆ ಆ ಕೂಗಿಗೆ ಪರಿಹರಿಸಬಹುದಾದ ಹತ್ತು ಕಾರಣಗಳಿರಬಹುದಾಗಿತ್ತು. ನೋವೆಂದು ಕೂಗುವವರ ನೋವನ್ನು ಪರೀಕ್ಷಿಸದೆ ಬಿಡುವುದು, ಮೇಲೆ ಹೇಳಿದ ವ್ಯಾಖ್ಯೆಯಂತೆ, ಮಾಡಬೇಕಾದುದನ್ನು ಮಾಡದಿರುವ ದೌರ್ಜನ್ಯ. ಝಾರ್ಜ್ ದಿಂಬನ್ನು ಎತ್ತಿಕೊಂಡದ್ದು ಇದೇ ಕೂಗಿನ ನಡುವೆ ಎಂಬುದನ್ನು ಮರೆಯಬೇಡಿ. ಆಕೆಯ ಕೈ ಸವರುತ್ತ ತನ್ನ ಬಾಲ್ಯದ ಕಥೆಯೊಂದನ್ನು ಹೇಳುತ್ತಾನೆ, ಆಕೆ ಶಾಂತಳಾಗುತ್ತಾಳೆ, ಆಮೇಲೆ ದಿಂಬು. ಸಂತೈಸಿದರೆ ಶಾಂತವಾಗುತ್ತಿದ್ದಳೆಂದು ಚಿತ್ರವೇ ನಮಗೆ ತೋರಿಸಿಬಿಟ್ಟಿದೆ!

ಹಾಗಾದರೆ ಆ ದಿಂಬು ಪ್ರೀತಿಯೋ ಕೊಲೆಯೋ? ಜೀವವು ದೇವರ ಕೊಡುಗೆಯೆಂದು ನಂಬಿದ ನಮಗೆ ಉತ್ತರ ಗೊತ್ತಿದೆಯೆಂದು ನಾವು ಬೇಗನೆ ಹೇಳಿಬಿಡುತ್ತೇವೆ. ಆದರೆ ಆ ಉತ್ತರವನ್ನು ಹೇಳುವ ಅಧಿಕಾರ ನಮಗೆ ಬರುವುದು ಝಾರ್ಜ್‌ನ ಮನೆಗೆ ವಾರಕ್ಕೊಮ್ಮೆಯಾದರೂ ಹೋಗಿ, ಒಂದು ರಾತ್ರಿ ಆತನನ್ನು ಮಲಗಗೊಟ್ಟು ನಾವು ಎಚ್ಚರವಿದ್ದ ಮೇಲೆ. ಹನೆಕೆ ಈ ಪ್ರಶ್ನೆಯನ್ನು ಎತ್ತುವುದೇ ಇಲ್ಲ. ಆತನ ಚಿತ್ರದಲ್ಲಿ ಆಯ್ಕೆಗಳು ಎರಡೇ: ಆಸ್ಪತ್ರೆ ಅಥವಾ ದಿಂಬು. ನೋವು ನಿವಾರಣೆಯ ಆರೈಕೆ, ಆರೈಕೆ ಮಾಡುವವನಿಗೆ ಬಿಡುವು, ಮನೆಗೇ ಬಂದು ಕೇಳುವ ಸಮುದಾಯ ದಾದಿ, ಇವೆಲ್ಲ ಫ್ರಾನ್ಸಿನಲ್ಲಿ ಇಲ್ಲದ ವಸ್ತುಗಳಲ್ಲ. ಅವನ್ನು ಚೌಕಟ್ಟಿನಿಂದ ಹೊರಗಿಟ್ಟದ್ದರಿಂದಲೇ ದುರಂತ ಅನಿವಾರ್ಯವೆಂಬಂತೆ ಕಾಣುತ್ತದೆ. ಕಲೆಯ ದೃಷ್ಟಿಯಿಂದ ಇದು ಬಲ. ಸತ್ಯದ ದೃಷ್ಟಿಯಿಂದ ಕೊರತೆಯೆಂದೇ ನನ್ನ ಎಣಿಕೆ.

ನಮ್ಮವರ ಚಿತ್ರಗಳೂ ಇದಕ್ಕೆ ಹೊರತಲ್ಲ. 2016ರ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಚಿತ್ರದಲ್ಲಿ ಮರೆವಿನ ರೋಗದ ತಂದೆಯಾಗಿ ಅನಂತ್ ನಾಗ್ ಮನಸ್ಸು ಕಲಕುತ್ತಾರೆ. ಆದರೆ ಅಲ್ಲಿಯೂ ಆರೈಕೆಗೆ ಸಿಕ್ಕಿದ ಮುಖ ಯುವ ವೈದ್ಯೆಯೊಬ್ಬಳದು. ಬೆಳಗ್ಗೆ ಎಬ್ಬಿಸಿ ಹಲ್ಲುಜ್ಜಿಸುವ ಕೈ ಯಾರದೆಂದು ನಮಗೆ ತಿಳಿಯುವುದಿಲ್ಲ.

ಇನ್ನು ತೆರೆಯ ಆಚೆಗಿನ ಮಾತು. ಕರ್ನಾಟಕದ ಮನೆಗಳಲ್ಲಿ 'ಹೋಮ್ ನರ್ಸ್' ಎನಿಸಿಕೊಂಡು ಬರುವ ಹೆಣ್ಣುಮಕ್ಕಳಲ್ಲಿ ಬಹುಮಂದಿ ಶುಶ್ರೂಷೆ ಓದಿದವರಲ್ಲ, ಯಾವ ಪರಿಷತ್ತಿನಲ್ಲಿಯೂ ನೋಂದಾಯಿತರಲ್ಲ. ಹಗಲು ರಾತ್ರಿ ಒಂದೇ ಮನೆಯಲ್ಲಿ, ಅಡುಗೆಮನೆಯ ಮೂಲೆಯಲ್ಲಿ ಮಲಗಿ, ವಾರದ ರಜೆಯಿಲ್ಲದೆ ದುಡಿಯುತ್ತಾರೆ. ಅವರು ಕೈ ಬಿರುಸು ಮಾಡಿದರೆ ನಾವು ಝಾರ್ಜ್‌ನಂತೆ ಹಣ ಎಣಿಸಿ ಕಳಿಸುತ್ತೇವೆ, ಅವರು ಇನ್ನೊಂದು ಮನೆಗೆ ಹೋಗುತ್ತಾರೆ. ಮನೆಯಾರೈಕೆಯ ಏಜೆನ್ಸಿಗಳನ್ನು ನೋಂದಣಿಗೆ ಒಳಪಡಿಸುವ ಅಂಶವಿದ್ದ ತಿದ್ದುಪಡಿ ಮಸೂದೆಯನ್ನು 2019ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಮಂಡಿಸಲಾಗಿತ್ತು. ಅಂಗೀಕಾರವಾಗದೆಯೇ 2024ರಲ್ಲಿ ಆ ಲೋಕಸಭೆಯೊಂದಿಗೆ ಅದೂ ಬಿದ್ದುಹೋಯಿತು. ಮೂಲ ಕಾಯಿದೆ, ಅಂದರೆ ತಂದೆ ತಾಯಿ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣದ 2007ರ ಕಾಯಿದೆ, ಹಿರಿಯರನ್ನು ತೊರೆದುಬಿಡುವವರಿಗೆ ಮೂರು ತಿಂಗಳವರೆಗಿನ ಸೆರೆ ಅಥವಾ 5000 ರೂಪಾಯಿವರೆಗಿನ ದಂಡವನ್ನು, ಇಲ್ಲವೇ ಎರಡನ್ನೂ ವಿಧಿಸುತ್ತದೆ. ಜೀವನಾಂಶದ ಅರ್ಜಿಯನ್ನು ಹಿರಿಯರೇ ಕೊಡಬೇಕು, ಆಗದಿದ್ದರೆ ಅವರು ಅಧಿಕಾರ ಕೊಟ್ಟವರು ಕೊಡಬಹುದು, ನ್ಯಾಯಮಂಡಳಿ ತಾನಾಗಿಯೂ ಎತ್ತಿಕೊಳ್ಳಬಹುದು. ಆದರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯವನ್ನು ತಿಳಿಸಲೇಬೇಕೆಂದು ಕಾನೂನು ವಿಧಿಸಿರುವಂತೆ, ಹಿರಿಯರ ಮೈಮೇಲೆ ಗುರುತು ಕಂಡ ದಾದಿಗೆ ಅದನ್ನು ತಿಳಿಸುವ ಕರ್ತವ್ಯವನ್ನು ಈ ಕಾಯಿದೆ ವಿಧಿಸುವುದಿಲ್ಲ, ತಿಳಿಸಿದವಳಿಗೆ ರಕ್ಷಣೆಯನ್ನೂ ಕೊಡುವುದಿಲ್ಲ. ಹೀಗಾಗಿ ಆಕೆ ಬರೆದ ಟಿಪ್ಪಣಿ ಕಡತದಲ್ಲಿ ಉಳಿಯುತ್ತದೆ, ರೋಗಿ ಅದೇ ಮನೆಗೆ ಮರಳುತ್ತಾಳೆ.

ಕರೆ ಮಾಡಲು ಸಂಖ್ಯೆಯಾದರೂ ಇದೆ. ಬೆಂಗಳೂರಿನಲ್ಲಿ ಪೊಲೀಸ್ ಇಲಾಖೆಯೂ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಸಂಸ್ಥೆಯೂ ಸೇರಿ 2002ರಲ್ಲಿಯೇ ಹಿರಿಯರ ಸಹಾಯವಾಣಿಯನ್ನು ಆರಂಭಿಸಿದ್ದವು. 2021ರಿಂದ ದೇಶಕ್ಕೆಲ್ಲ ಒಂದೇ ಸಂಖ್ಯೆ 14567. ಈ ಪತ್ರಿಕೆಯನ್ನು ಓದುವ ದಾದಿಯರು ಅದನ್ನು ತಮ್ಮ ವಾರ್ಡಿನ ಮೇಜಿನ ಮೇಲೆ ಬರೆದಿಟ್ಟುಕೊಂಡರೆ ಸಂತೋಷ. ಶೌಚಗೃಹದ ಬಾಗಿಲಿನ ಒಳಭಾಗದಲ್ಲಿ ಅಂಟಿಸಿದರೆ ಇನ್ನೂ ಒಳ್ಳೆಯದು. ಹಿರಿಯರು ಒಬ್ಬರೇ ಇರುವ ಜಾಗ ಅದೊಂದೇ.

ಕೊನೆಯ ಸಲ ಈ ಚಿತ್ರವನ್ನು ವಿದ್ಯಾರ್ಥಿನಿಯರಿಗೆ ತೋರಿಸಿದಾಗ ನಾನು ನಿರೀಕ್ಷಿಸಿದ್ದು ದಯಾಮರಣದ ಬಗೆಗಿನ ಚರ್ಚೆಯನ್ನು. ಹಾಗಾಗಲಿಲ್ಲ. ಹಿಂದಿನ ಸಾಲಿನಲ್ಲಿ ಕುಳಿತಿದ್ದ, ರಾತ್ರಿ ಪಾಳಿ ಮುಗಿಸಿ ನೇರವಾಗಿ ತರಗತಿಗೆ ಬಂದಿದ್ದ ಹುಡುಗಿಯೊಬ್ಬಳು ಎದ್ದು ನಿಂತು, ತಲೆ ಬಾಚುವ ದೃಶ್ಯವನ್ನು ಇನ್ನೊಮ್ಮೆ ಹಾಕುವಿರಾ ಎಂದು ಕೇಳಿದಳು. ಹಾಕಿದೆ. ನೋಡಿ ಕುಳಿತಳು. ಸ್ವಲ್ಪ ಹೊತ್ತಿನ ಬಳಿಕ, "ನಿನ್ನೆ ರಾತ್ರಿ ನಾನೂ ಹೀಗೆಯೇ ಬಾಚಿದೆ, ಸಿಸ್ಟರ್" ಎಂದಳು. ಯಾರೂ ನಗಲಿಲ್ಲ. ಮರುದಿನ ಸಂಜೆ ಅವಳ ವಾರ್ಡಿಗೆ ಹೋದಾಗ, ಅಗಲ ಹಲ್ಲಿನ ಹೊಸ ಬಾಚಣಿಗೆಯೊಂದು ಅವಳ ಜೇಬಿನಲ್ಲಿತ್ತು.